ಕೂದಲು ಕತ್ತರಿಸುವ ತೀರ್ಮಾನ ಮಗಳದ್ದೇ ಆಗಿರಲಿ

ಉಡುಪಿಯಲ್ಲಿ ಹೈಸ್ಕೂಲು ಓದುತ್ತಿರುವ 15 ವರ್ಷದ ನಿಮ್ಮ ಮಗಳು ಉದ್ದ ಜಡೆಯನ್ನು ಕತ್ತರಿಸಿ, ಕೂದಲಿಗೆ ಬಣ್ಣ ಹಾಕಿಸಿಕೊಳ್ಳಬೇಕೆಂದು ಹಟ ಹಿಡಿದಿದ್ದಾಳೆ, ಮನೆಯ ಹಿರಿಯರು ಒಪ್ಪುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂಬುದು ನನ್ನ ವಿನಂತಿ. ಕತ್ತರಿಸಿದ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಮತ್ತೆ ಬೆಳೆಯುತ್ತದೆ. ಆ ತೀರ್ಮಾನವನ್ನು ಪೂರ್ತಿಯಾಗಿ ಅವಳಿಗೇ ಬಿಡಿ. ಶಂಕರಪುರ ಮಲ್ಲಿಗೆಯ ಚೆಂಡನ್ನು ಮುಡಿಯಲು ಇನ್ನು ಜಡೆಯೇ ಇರುವುದಿಲ್ಲವಲ್ಲ ಎಂಬ ಅಜ್ಜಿಯ ನೋವು ನಿಜವಾದದ್ದೇ (ಅದನ್ನು ಹಗುರವಾಗಿ ಕಾಣಬಾರದು), ಆದರೂ ಆ ತಲೆ ಮೊಮ್ಮಗಳದ್ದು.

ಬಣ್ಣದ ವಿಚಾರ ಬೇರೆ. ಶಾಶ್ವತ ಬಣ್ಣಗಳಲ್ಲಿ, ಮುಖ್ಯವಾಗಿ ಗಾಢ ವರ್ಣದವುಗಳಲ್ಲಿ, ಹೆಚ್ಚಾಗಿ ಬಳಕೆಯಾಗುವ ಪಿಪಿಡಿ ಎಂಬ ರಾಸಾಯನಿಕವು ಕೆಲವರಲ್ಲಿ ತೀವ್ರ ಅಲರ್ಜಿಯನ್ನು ಉಂಟುಮಾಡುತ್ತದೆ. ಯುರೋಪಿನ ಒಕ್ಕೂಟದಲ್ಲಿ ಇಂಥ ಪೊಟ್ಟಣಗಳ ಮೇಲೆ 16 ವರ್ಷದೊಳಗಿನವರಿಗೆ ತಕ್ಕುದಲ್ಲ ಎಂಬ ಎಚ್ಚರಿಕೆ ಕಡ್ಡಾಯ. ಹಿಂದೆ ಎಂದಾದರೂ ಕಪ್ಪು ಮೆಹಂದಿ (ಅದರಲ್ಲೂ ಇದೇ ಪಿಪಿಡಿ ಬೆರೆತಿರುವುದುಂಟು) ಹಾಕಿಸಿಕೊಂಡಾಗ ತುರಿಕೆ, ಗುಳ್ಳೆ ಬಂದಿದ್ದರೆ ಅಪಾಯ ಇನ್ನೂ ಹೆಚ್ಚು. ಬೆದರಿಸದೆ ಇದಿಷ್ಟನ್ನೂ ಅವಳ ಮುಂದಿಡಿ. ಒಂದು ವರ್ಷ ಕಾಯಲು ಅವಳೇ ಒಪ್ಪಬಹುದು. ಶಾಲೆಯ ನಿಯಮವೇನೆಂಬುದನ್ನೂ ಅವಳೇ ವಿಚಾರಿಸಿಕೊಂಡು ಬರಲಿ.