ಓದುಗರ ಪ್ರಶ್ನೆ, ನಮ್ಮ ಉತ್ತರ: ಕಮ್ಯುನಿಟಿ ಕಾಲೇಜಿಗೆ ಸೇರಿದ ಮಗಳು

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮಗಳಿಗೆ ಬೇಕಾದ ಯೂನಿವರ್ಸಿಟಿಯಲ್ಲಿ ಸೀಟು ಸಿಗಲಿಲ್ಲ, ಸಿಕ್ಕ ಕಡೆ ಫೀಸು ನಮ್ಮ ಕೈಗೆಟುಕಲಿಲ್ಲ. ಈಗ ಇಲ್ಲಿನ ಕಮ್ಯುನಿಟಿ ಕಾಲೇಜಿಗೆ ಸೇರಿದ್ದಾಳೆ. ಸೆಮಿಸ್ಟರ್‌ಗೆ 12 ಯೂನಿಟ್ (ನಮ್ಮಲ್ಲಿ ಕ್ರೆಡಿಟ್ ಅನ್ನುತ್ತಾರಲ್ಲ, ಅದು) ತಗೊಂಡಿದ್ದಾಳೆ, ಜೊತೆಗೆ ಅಂಗಡಿಯೊಂದರಲ್ಲಿ ಕೆಲಸ. ಹುಬ್ಬಳ್ಳಿಯಿಂದ ಫೋನ್ ಮಾಡಿದವರು ಯಾವ ಕಾಲೇಜು ಅಂತ ಕೇಳಿದರೆ ಮಾತು ಮರೆಸುತ್ತೇನೆ. ಅಲ್ಲಿ ಸೇರಿದವರಲ್ಲಿ ಅರ್ಧಕ್ಕರ್ಧ ಮಕ್ಕಳು ಮುಗಿಸುವುದೇ ಇಲ್ಲವಂತೆ, ನಿಜವೇ?
– ಒಬ್ಬ ತಾಯಿ

ಉತ್ತರ: ಮೊದಲು ಆ ಮಾತು ಮರೆಸುವುದನ್ನು ಬಿಡಿ. ಕ್ಯಾಲಿಫೋರ್ನಿಯಾದಲ್ಲಿ ಇಂಥ 116 ಕಾಲೇಜುಗಳಿವೆ. ಎರಡು ವರ್ಷ ಅಲ್ಲಿ ಓದಿ, ಮೂರನೇ ವರ್ಷಕ್ಕೆ ಯೂನಿವರ್ಸಿಟಿಗೆ ಹೋಗಿ, ಆ ಯೂನಿವರ್ಸಿಟಿಯದೇ ಡಿಗ್ರಿ ತಗೊಳ್ಳುವುದು ಅಲ್ಲಿ ಮಾಮೂಲಿ ದಾರಿ. ರಾಜ್ಯದವರಿಗೆ ಯೂನಿಟ್‌ಗೆ 46 ಡಾಲರ್ ಫೀಸು. ಹುಬ್ಬಳ್ಳಿಯವರಿಗೆ ಈ ಲೆಕ್ಕ ಹೇಳಿ ನೋಡಿ, ಸುಮ್ಮನಾಗುತ್ತಾರೆ.

ನೀವು ಕೇಳಿದ್ದು ನಿಜ. ಅಮೆರಿಕದ ಕಮ್ಯುನಿಟಿ ಕಾಲೇಜುಗಳಿಗೆ ಸೇರಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಆರು ವರ್ಷ ಕಳೆದರೂ ಡಿಗ್ರಿಯಾಗಲಿ ಸರ್ಟಿಫಿಕೇಟಾಗಲಿ ಸಿಕ್ಕಿರುವುದಿಲ್ಲ. ಹಾಗಂತ ಅವರೆಲ್ಲ ದಡ್ಡರೇ? ಬಸ್ಸಿನ ದುಡ್ಡು, ಪುಸ್ತಕದ ದುಡ್ಡು, ಕೆಲಸದ ಶಿಫ್ಟು, ಬೇಡದ ಕೋರ್ಸ್ ತಗೊಂಡು ಹಾಳಾದ ಒಂದು ಸೆಮಿಸ್ಟರ್, ಯಾರನ್ನು ಕೇಳಬೇಕು ಅಂತಲೇ ಗೊತ್ತಿಲ್ಲದೆ ಕಳೆದುಹೋದ ಕಡೇ ದಿನಾಂಕ... ಇಂಥವೆಲ್ಲ ಸೇರಿಕೊಂಡು ಓದು ಅರ್ಧಕ್ಕೆ ನಿಲ್ಲುತ್ತದೆ.

ಇದಕ್ಕೆ ಒಳ್ಳೆಯ ಪುರಾವೆ ನ್ಯೂಯಾರ್ಕಿನಲ್ಲಿದೆ. ಅಲ್ಲಿನ ಸಿಟಿ ಯೂನಿವರ್ಸಿಟಿಯವರು 2007ರಲ್ಲಿ ಎಎಸ್‌ಎಪಿ ಅನ್ನುವ ಯೋಜನೆ ಶುರು ಮಾಡಿದರು. ಕಡಿಮೆ ಆದಾಯದ ಮನೆಗಳ, ಗಣಿತ ಅಥವಾ ಇಂಗ್ಲಿಷಿನಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗಳನ್ನೇ ತಗೊಂಡು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಕಾಲೇಜಿನ ಮಾಮೂಲಿ ವ್ಯವಸ್ಥೆ. ಇನ್ನೊಂದಕ್ಕೆ ಪುಸ್ತಕ ಉಚಿತ, ಸಹಾಯಧನ ಕಳೆದು ಉಳಿದ ಫೀಸು ಮನ್ನಾ, ತಿಂಗಳ ಮೆಟ್ರೋ ಕಾರ್ಡು, ಜೊತೆಗೆ ಹೆಸರು ಹಿಡಿದು ಮಾತಾಡಿಸುವ ಒಬ್ಬ ಸಲಹೆಗಾರ. ಷರತ್ತು ಏನೆಂದರೆ ಫುಲ್‌ಟೈಮ್ ಓದಬೇಕು. ಸಲಹೆಗಾರರನ್ನು ಆಗಾಗ ಭೇಟಿ ಮಾಡಲೇಬೇಕು, ಇಲ್ಲದಿದ್ದರೆ ಕಾರ್ಡು ಇಲ್ಲ. (ಹದಿನೆಂಟರ ಹುಡುಗರನ್ನು ಆಫೀಸಿನ ತನಕ ಕರೆಸುವುದಕ್ಕೆ ಇದಕ್ಕಿಂತ ಚೆನ್ನಾದ ಉಪಾಯ ನನಗಂತೂ ಕಂಡಿಲ್ಲ.) ಮೂರು ವರ್ಷಕ್ಕೆ ಮಾಮೂಲಿ ಗುಂಪಿನಲ್ಲಿ ಕಾಲೇಜಿನ ಎರಡು ವರ್ಷದ ಡಿಗ್ರಿ ಮುಗಿಸಿದವರು ಶೇ 22, ಈ ಗುಂಪಿನಲ್ಲಿ ಶೇ 40. ಒಬ್ಬ ಸಲಹೆಗಾರರಿಗೆ 60ರಿಂದ 80 ವಿದ್ಯಾರ್ಥಿಗಳು. ಅದೇ ಕಾಲೇಜುಗಳಲ್ಲಿ ಉಳಿದವರ ಪಾಲಿಗೆ ಆ ಲೆಕ್ಕ 600ರಿಂದ 1,500. ಖರ್ಚು ಜಾಸ್ತಿ ಆಯಿತು, ಆದರೆ ಒಂದೊಂದು ಡಿಗ್ರಿಗೆ ಬಿದ್ದ ಖರ್ಚು ನೋಡಿದರೆ ಕಡಿಮೆಯೇ. ಆಮೇಲೆ ಒಹಾಯೋದ ಮೂರು ಕಾಲೇಜುಗಳಲ್ಲೂ ಇದನ್ನೇ ಮಾಡಿ ನೋಡಿದರು, ಅಲ್ಲೂ ಫಲ ಕೊಟ್ಟಿತು.

ಈಗ ನಿಮ್ಮ ಮಗಳ ವಿಷಯ. 12 ಯೂನಿಟ್ ಇದ್ದರೆ ಕಾಲೇಜಿನ ಲೆಕ್ಕದಲ್ಲಿ ಫುಲ್‌ಟೈಮ್, ಸರಿ. ಆದರೆ ಯೂನಿವರ್ಸಿಟಿಗೆ ಹೋಗಲು 60 ಬೇಕು. ನಾಲ್ಕು ಸೆಮಿಸ್ಟರ್‌ಗೆ 48 ಆಯಿತು, ಉಳಿದ 12 ಎಲ್ಲಿಂದ ಬರಬೇಕು? ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದೋ ಸೆಮಿಸ್ಟರ್‌ಗೆ 15 ಮಾಡಿಕೊಳ್ಳಲಿ, ಇಲ್ಲವೇ ಬೇಸಿಗೆಯಲ್ಲಿ ತಗೊಳ್ಳಲಿ. ಅಂಗಡಿ ಕೆಲಸದ ಗಂಟೆ ಕಡಿಮೆ ಮಾಡಲು ಆದರೆ ಮಾಡಲಿ. ಕಾಲೇಜಿನ ಒಳಗೇ, ಲೈಬ್ರರಿಯಲ್ಲೋ ಟ್ಯೂಟರಿಂಗ್ ಸೆಂಟರಿನಲ್ಲೋ ಕೆಲಸ ಸಿಕ್ಕರೆ ಇನ್ನೂ ವಾಸಿ.

ಗಣಿತದ ಭಯ ಇದ್ದರೂ ಕೆಳಗಿನ ಕ್ಲಾಸಿಗೆ ಇಳಿಯುವುದು ಬೇಡ. ಮೊದಲೆಲ್ಲ ಯಾರು ಯಾವ ಮಟ್ಟದ ಕ್ಲಾಸಿಗೆ ಅಂತ ನಿರ್ಧರಿಸಲು ಒಂದು ಪ್ಲೇಸ್‌ಮೆಂಟ್ ಪರೀಕ್ಷೆ ಇಟ್ಟು, ಡಿಗ್ರಿಗೆ ಲೆಕ್ಕಕ್ಕೇ ಬರದ ಕ್ಲಾಸುಗಳಿಗೆ ಮಕ್ಕಳನ್ನು ತಳ್ಳುತ್ತಿದ್ದರು, ಅಲ್ಲಿಂದ ಮೇಲೆ ಬಂದವರು ಕಡಿಮೆ. 2017ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿ ಇದಕ್ಕೆ ಕಡಿವಾಣ ಹಾಕಿತು. ಈಗ ಹೈಸ್ಕೂಲಿನ ಮಾರ್ಕ್ಸ್ ನೋಡಿ ನೇರವಾಗಿ ಕಾಲೇಜು ಮಟ್ಟದ ಗಣಿತಕ್ಕೇ ಸೇರಿಸುತ್ತಾರೆ. ಕಷ್ಟ ಆದವರಿಗೆ ಅದರ ಜೊತೆಗೇ ಸಪೋರ್ಟ್ ಕ್ಲಾಸು ಇರುತ್ತದೆ, ಅದನ್ನು ಬಿಡದೆ ತಗೊಳ್ಳಲಿ.

ಆಮೇಲೆ ಕೌನ್ಸೆಲರ್. ಕರೆಯಲಿ ಅಂತ ಕಾಯಬಾರದು, ತಾನೇ ಅಪಾಯಿಂಟ್‌ಮೆಂಟ್ ತಗೊಂಡು ಎರಡೂ ವರ್ಷದ ಕೋರ್ಸುಗಳ ಪಟ್ಟಿಯನ್ನು ಈಗಲೇ ಬರೆಸಿಕೊಳ್ಳಲಿ. ಯಾವ ಕೋರ್ಸಿಗೆ ಯಾವ ಯೂನಿವರ್ಸಿಟಿಯಲ್ಲಿ ಬೆಲೆ ಇದೆ ಅನ್ನುವುದು ಅಸಿಸ್ಟ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್‌ಗಳು, ಹೇಳಿದ ಕೋರ್ಸು, ಹೇಳಿದ ಗ್ರೇಡು ಇದ್ದರೆ ಸೀಟು ಗ್ಯಾರಂಟಿ ಕೊಡುತ್ತವೆ. ಡೇವಿಸ್, ಅರ್ವೈನ್, ಸಾಂತಾ ಕ್ರೂಜ್ ಎಲ್ಲ ಅದರಲ್ಲಿವೆ, ಬರ್ಕ್ಲಿ ಇಲ್ಲ. ಈ ಗ್ಯಾರಂಟಿಗೆ ಅರ್ಜಿ ಹಾಕುವುದು ಸೆಪ್ಟೆಂಬರ್‌ನಲ್ಲಿ, ಅಂದರೆ ಯೂನಿವರ್ಸಿಟಿಗೆ ಹೋಗುವ ಹಿಂದಿನ ವರ್ಷ.

ನೀವು ಮಾಡಬೇಕಾದ್ದು? ಮಾರ್ಕ್ಸ್ ಎಷ್ಟು ಅಂತ ಕೇಳುವ ಬದಲು, ಈ ತಿಂಗಳು ಕೌನ್ಸೆಲರ್ ಹತ್ತಿರ ಹೋಗಿದ್ಯಾ ಅಂತ ಕೇಳಿ.

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಉಪನ್ಯಾಸಕ. ಅಮೆರಿಕದ ಈ ಪದ್ಧತಿಗಳು ನಮ್ಮಲ್ಲಿ ನಡೆಯುವ ಮಾತೇ?

ಉತ್ತರ: ಅರ್ಧ ಆಗಲೇ ನಡೆಯುತ್ತಿದೆ ಸಾರ್. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ಸಿನ ದುಡ್ಡಿನ ಚಿಂತೆ ಇಲ್ಲ. ಮೆಂಟರ್ ವ್ಯವಸ್ಥೆಯೂ ನಿಮ್ಮಲ್ಲಿ ಇದೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರಿಗೆ ತೋರಿಸುವ ಫೈಲಿನಲ್ಲಿ! ತಮಾಷೆಗೆ ಹೇಳುತ್ತಿಲ್ಲ. ಫೈಲು ಇದೆ ಅಂದರೆ ಯಾರಿಗೆ ಯಾರು ಮೆಂಟರ್ ಅನ್ನುವ ಪಟ್ಟಿಯೂ ಇದೆ ಅಂತ ಅರ್ಥ, ಅದು ಸಣ್ಣ ಕೆಲಸವಲ್ಲ. ಎಲ್ಲರನ್ನೂ ಕರೆಯಲು ಹೋಗಬೇಡಿ, ಆಗುವುದಿಲ್ಲ. ಮೊದಲ ಇಂಟರ್ನಲ್ಸ್‌ಗೆ ಬಾರದವರು, ಎರಡು ವಾರ ಅಟೆಂಡೆನ್ಸ್ ಇಲ್ಲದವರು, ಇಷ್ಟು ಮಂದಿಗೆ ಮಾತ್ರ ಆ ವಾರವೇ ಫೋನ್ ಮಾಡಿ. ಅತಿಥಿ ಉಪನ್ಯಾಸಕರಿಗೆ ಈ ಕೆಲಸ ಹೊರಿಸುವುದಾದರೆ ಅವರ ವರ್ಕ್‌ಲೋಡಿನಲ್ಲಿ ಅಷ್ಟು ಗಂಟೆ ಸೇರಿಸಿ ಅಂತ ಪ್ರಿನ್ಸಿಪಾಲರನ್ನು ಮೊದಲೇ ಕೇಳಿ.