ಉಕ್ಕಿದ ಬಿಯರ್ ಚೆಲ್ಲಬೇಕಾ?

ಪ್ರಶ್ನೆ: ನಾವಿರುವುದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ನನಗೆ ಈಗಷ್ಟೇ ಹಿಡಿದಿದೆ. ಶನಿವಾರ 25 ಲೀಟರ್ ಬಕೆಟ್‌ನಲ್ಲಿ 22 ಲೀಟರ್ ಗೋಧಿ ಬಿಯರ್ ಹಾಕಿದ್ದೆ. ಭಾನುವಾರ ರಾತ್ರಿ ಏರ್‌ಲಾಕ್‌ನಿಂದ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ, ಮುಚ್ಚಳದ ಪುಟ್ಟ ಸಾಧನ) ಕಂದು ನೊರೆ ಬಂತು, ಬೆಳಿಗ್ಗೆ ನೋಡಿದರೆ ಮುಚ್ಚಳ ಉಬ್ಬಿದೆ, ಕಾರ್ಪೆಟ್ ಪೂರ್ತಿ ಅಂಟಂಟು. ಹೆಂಡತಿ ಚೆಲ್ಲಿಬಿಡಿ ಅನ್ನುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಚೆಲ್ಲಬೇಡಿ. ಬಿಯರ್ ಚೆನ್ನಾಗಿಯೇ ಇದೆ, ಕೆಟ್ಟಿದ್ದು ಕಾರ್ಪೆಟ್ ಮಾತ್ರ. ನೊರೆ ಹೊರಗೆ ನುಗ್ಗುತ್ತಿರುವಾಗ ಒಳಗಿನ ಗ್ಯಾಸ್ ಕೂಡ ಹೊರಗೇ ತಳ್ಳುತ್ತಿರುತ್ತದೆ, ಹಾಗಾಗಿ ಆ ಹೊತ್ತಿನಲ್ಲಿ ಕೊಳಕು ಒಳಗೆ ಹೋಗುವುದು ಕಷ್ಟ.

ನನಗೆ ಗಾಬರಿ ಆಗಿದ್ದು ಆ ಉಬ್ಬಿದ ಮುಚ್ಚಳದ ಮಾತು ಓದಿ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಚೂರು ಏರ್‌ಲಾಕ್‌ನಲ್ಲಿ ಸಿಕ್ಕಿಕೊಂಡು ದಾರಿ ಕಟ್ಟಿದೆ ಅಂತ ಅರ್ಥ. ಷಿಕಾಗೋದಲ್ಲಿದ್ದಾಗ ನಾನು ಇದನ್ನು ಕಂಡೂ ಸುಮ್ನೆ ಮಲಗಿದ್ದೆ. ನಡುರಾತ್ರಿ ಢಮಾರ್ ಅಂತು, ಮುಚ್ಚಳ ಅಡುಗೆಮನೆಯ ಆ ಮೂಲೆಗೆ ಬಿದ್ದಿತ್ತು, ಹಾಪ್ಸ್ ಚೂರು ಸೀಲಿಂಗ್‌ಗೆ ಅಂಟಿತ್ತು. ಪ್ಲಾಸ್ಟಿಕ್ ಬಕೆಟ್ ಆಗಿದ್ದಕ್ಕೆ ಅಷ್ಟಕ್ಕೇ ಮುಗಿಯಿತು. ಗಾಜಿನ ಜಾಡಿ ಆಗಿದ್ದರೆ ಸಿಡಿದು ಕೈಕಾಲು ಕೊಯ್ಯುತ್ತಿತ್ತು. ಆದ್ದರಿಂದ ಮುಚ್ಚಳ ಉಬ್ಬಿದ್ದು ಕಂಡ ತಕ್ಷಣ ಮುಖ ದೂರ ಇಟ್ಟುಕೊಂಡು, ಮೇಲೆ ಒಂದು ಬಟ್ಟೆ ಹಾಕಿ, ಏರ್‌ಲಾಕ್ ನಿಧಾನಕ್ಕೆ ಸಡಿಲಿಸಿ.

ಅದರ ಜಾಗಕ್ಕೆ ಪೈಪ್ ಬರಬೇಕು. ನಿಮ್ಮದು ಮೂರು ತುಂಡಿನ ಏರ್‌ಲಾಕ್ ಆದರೆ ಮೇಲಿನ ಮುಚ್ಚಳ, ಒಳಗಿನ ಪುಟ್ಟ ಲೋಟ ಎರಡನ್ನೂ ತೆಗೆದು ನಡುವಿನ ಕೊಳವೆಗೆ ಅರ್ಧ ಇಂಚಿನ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ಯಾನಿಟೈಸರ್ ನೀರಿರುವ ಜಾರ್‌ನಲ್ಲಿ ಮುಳುಗಿಸಿ, ಆ ಜಾರ್ ಬಕೆಟ್‌ಗಿಂತ ಕೆಳಗಿರಲಿ. ಏರ್‌ಲಾಕ್‌ನ ಕೆಳತುದಿಯಲ್ಲಿ ಕೂಡಿಸು ಚಿಹ್ನೆಯಂಥ ಪ್ಲಾಸ್ಟಿಕ್ ಕಡ್ಡಿ ಇರುತ್ತದಲ್ಲ, ಹಾಪ್ಸ್ ಸಿಕ್ಕಿಕೊಳ್ಳುವುದೇ ಅಲ್ಲಿ, ಅದನ್ನು ಮೊದಲೇ ಕತ್ತರಿಸಿ ಬಿಸಾಡಿ. ಮೂರ್ನಾಲ್ಕು ದಿನಕ್ಕೆ ನೊರೆ ಇಳಿಯುತ್ತದೆ, ಆಮೇಲೆ ತೊಳೆದ ಏರ್‌ಲಾಕ್ ವಾಪಸ್ ಹಾಕಿ.

ಉಕ್ಕಿದ್ದು ಯಾಕೆ ಅಂದರೆ ಜಾಗ ಕಡಿಮೆ, ಬಿಸಿ ಜಾಸ್ತಿ. ಬೇಸಿಗೆಯಲ್ಲಿ ದೋಸೆ ಹಿಟ್ಟನ್ನು ಪಾತ್ರೆಯ ಕಂಠದವರೆಗೆ ತುಂಬಿಡುತ್ತಾರಾ, ಮನೆಯವರನ್ನೇ ಕೇಳಿ. 25 ಲೀಟರ್ ಬಕೆಟ್‌ಗೆ 19 ಲೀಟರ್ ಸಾಕು. ಅದರಲ್ಲೂ ಗೋಧಿ ಬಿಯರ್ ಅಂದರೆ ನೊರೆಯ ರಾಜ, ಯಾಕೆಂದರೆ ಗೋಧಿಯ ಪ್ರೋಟೀನ್ ನೊರೆಯನ್ನು ಒಡೆಯಲು ಬಿಡುವುದಿಲ್ಲ, ಅದನ್ನು ಹುದುಗಿಸುವ ಯೀಸ್ಟ್ ಕೂಡ ಮೇಲಕ್ಕೇ ಏರುವ ಜಾತಿಯದು. ಇನ್ನು ಯೀಸ್ಟ್ ಕೆಲಸ ಮಾಡುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಕೋಣೆಯಲ್ಲಿ 22 ಡಿಗ್ರಿ ಇದ್ದರೂ ಬಕೆಟ್ ಒಳಗೆ 25 ದಾಟಿರಬಹುದು. ಮೊದಲ ಮೂರು ದಿನ ಬಕೆಟ್ಟನ್ನು ನೀರಿನ ಟಬ್‌ನಲ್ಲಿ ಕೂರಿಸಿ, ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಬೆಳಿಗ್ಗೆ ಒಂದು, ಸಂಜೆ ಒಂದು ಹಾಕಿ, 18ರಿಂದ 20 ಡಿಗ್ರಿಯಲ್ಲಿಡಿ. ಪಾಪುವಿನ ಹೊಟ್ಟೆಯ ಗ್ಯಾಸ್‌ಗೆ ಕೊಡುವ ಸಿಮೆಥಿಕೋನ್ ಹನಿಯನ್ನೂ ಕೆಲವರು ಹಾಕುತ್ತಾರೆ, ನೊರೆ ತಗ್ಗುವುದು ನಿಜ, ಆದರೆ ನನ್ನ ಓಟು ಟಬ್‌ಗೇ.

ಉಕ್ಕಿ ಮುಗಿಯಿತು ಅಂತ ತಕ್ಷಣ ಬಾಟಲಿಗೆ ತುಂಬಬೇಡಿ. ಬಿಯರ್‌ನಲ್ಲಿ ಸಕ್ಕರೆ ಎಷ್ಟು ಉಳಿದಿದೆ ಅಂತ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಲಿ, ಇಲ್ಲದಿದ್ದರೆ ಈಗ ಮುಚ್ಚಳ ಮಾಡಿದ್ದನ್ನು ನಾಳೆ ಬಾಟಲಿಗಳು ಮಾಡುತ್ತವೆ.

ಬೆಂಗಳೂರಿನ ಓದುಗರು ಇದನ್ನು ಓದಿ ಬಕೆಟ್ ಹುಡುಕಬೇಡಿ. ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಯ ಬಿಯರ್‌ಗೆ ದಾರಿ ಮಾಡಿಕೊಟ್ಟಿದೆ, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್. ನಮ್ಮ ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ.

ಕಾರ್ಪೆಟ್‌ಗೆ ಉಗುರುಬೆಚ್ಚಗಿನ ನೀರು ಹಾಕಿ ಒತ್ತಿ ಒರೆಸಿ, ಉಜ್ಜಬೇಡಿ. ಬಾಡಿಗೆ ಮನೆಯಾದರೆ ಇವತ್ತೇ.