ಮೆಲ್ಬರ್ನ್‌ಗೆ ಹೊರಟವರಿಗೆ: ಮಕ್ಕಳು, ನಾಯಿ, ಗಾಳಿ-ಮಳೆ

ನಮಸ್ಕಾರ. ಜೂನ್ ಕೊನೆಗೆ ಮೆಲ್ಬರ್ನ್‌ಗೆ ಬರುತ್ತಿದ್ದೇವೆ, ಮಗಳಿಗೆ ಐದೂವರೆ, ಮಗನಿಗೆ ಎರಡು ವರ್ಷ ಅಂತ ಬರೆದಿದ್ದೀರಿ. "ಅಕ್ಕ, ಅಲ್ಲಿ ಒಂದೇ ದಿನ ಮಳೆ, ಬಿಸಿಲು, ಚಳಿ ಎಲ್ಲ ಬರುತ್ತಂತೆ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗೋದು ಹೇಗೆ? ಮೈಸೂರಿನಲ್ಲಿರುವ ನಮ್ಮ ನಾಯಿಯನ್ನು ತರಬಹುದಾ?" ಅಂತ ಕೇಳಿದ್ದೀರಿ. ನಾನು ಹಾಸನದ ಕಡೆಯವಳು. ನನ್ನ ಇಬ್ಬರು ಮಕ್ಕಳೂ ಮೆಲ್ಬರ್ನ್‌ನಲ್ಲೇ ಹುಟ್ಟಿ ಬೆಳೆದವರು. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಒಂದೇ ದಿನದಲ್ಲಿ ಎಲ್ಲ ಬರುತ್ತದೆ ಅನ್ನುವುದು ನಿಜ. ಆದರೆ ಮಳೆ ಜಾಸ್ತಿ ಅಂತ ಹೆದರಬೇಡಿ. ನಗರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 650 ಮಿಲಿಮೀಟರ್, ಬೆಂಗಳೂರಿಗಿಂತ ಕಡಿಮೆ. ನಮ್ಮ ಮುಂಗಾರಿನ ಹಾಗೆ ಧೋ ಅಂತ ಸುರಿಯುವುದು ಅಪರೂಪ. ಹತ್ತು ನಿಮಿಷ ಜಿನುಗುತ್ತದೆ, ಬಿಸಿಲು ಬರುತ್ತದೆ, ಮತ್ತೆ ಜಿನುಗುತ್ತದೆ. ಇಲ್ಲಿ ಎಲ್ಲ ಗಾಳಿಯ ಆಟ. ಉತ್ತರಕ್ಕೆ ಒಣಗಿದ ಒಳನಾಡು, ದಕ್ಷಿಣಕ್ಕೆ ಟಾಸ್ಮೇನಿಯಾ ದಾಟಿದರೆ ಅಂಟಾರ್ಕ್ಟಿಕಾದವರೆಗೂ ತಣ್ಣನೆ ಸಮುದ್ರ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಹೊತ್ತಿನ ಹವೆ ಹಾಗಿರುತ್ತದೆ.

ಜನವರಿಯ ಒಂದು ಮಧ್ಯಾಹ್ನ ನೀವೇ ನೋಡುತ್ತೀರಿ. ಉತ್ತರದ ಗಾಳಿ, 38 ಡಿಗ್ರಿ. ನೀಲಗಿರಿ ಮರದ ತೊಗಟೆ ಸುಲಿದು ರಸ್ತೆಯಲ್ಲಿ ಉರುಳುತ್ತಿರುತ್ತದೆ. ಪಾರ್ಕಿನ ಜಾರುಬಂಡೆ ಮುಟ್ಟುವ ಹಾಗಿರುವುದಿಲ್ಲ. ಇದ್ದಕ್ಕಿದ್ದಂತೆ ಗಾಳಿ ನಿಲ್ಲುತ್ತದೆ. ಆಮೇಲೆ ನೈರುತ್ಯದಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಒಣಹಾಕಿದ ಬಟ್ಟೆಗಳೆಲ್ಲ ಈ ಕಡೆಯಿಂದ ಆ ಕಡೆಗೆ ತಿರುಗಿ ಪಟಪಟ ಹೊಡೆದುಕೊಳ್ಳುತ್ತವೆ, ಅಕ್ಕಪಕ್ಕದವರು ಬೆಳಗ್ಗೆಯಿಂದ ಮುಚ್ಚಿಟ್ಟಿದ್ದ ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಾರೆ. ಒಂದು ಗಂಟೆಯೊಳಗೆ ಹದಿನೈದು ಡಿಗ್ರಿ ಇಳಿದದ್ದೂ ಉಂಟು. ಇದಕ್ಕೆ ಕೂಲ್ ಚೇಂಜ್ ಅನ್ನುತ್ತಾರೆ. ಅದು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹವಾಮಾನ ಇಲಾಖೆಯ ಆಪ್ ಮೊದಲೇ ಹೇಳಿಬಿಡುತ್ತದೆ. ಬಂದ ದಿನವೇ ಆ ಆಪ್ ಹಾಕಿಕೊಳ್ಳಿ. ಮಳೆಯ ರಾಡಾರ್ ನೋಡುವುದನ್ನು ಮಗಳಿಗೂ ಕಲಿಸಿ. ನನ್ನ ಮಕ್ಕಳು ಅಕ್ಷರ ಕಲಿಯುವ ಮೊದಲೇ ಅದನ್ನು ಕಲಿತಿದ್ದರು.

ನಾನು ಮುಖ್ಯವಾಗಿ ಹೇಳಬೇಕಾದ್ದು ಇಷ್ಟು. ಹವೆ ಸರಿಹೋಗಲಿ, ಆಮೇಲೆ ಹೊರಗೆ ಹೋಗೋಣ ಅಂತ ಕಾಯಬೇಡಿ. ನೀವು ಬರುವುದು ನಡುಚಳಿಗಾಲಕ್ಕೆ. ಹಗಲು 14 ಡಿಗ್ರಿ, ಸಂಜೆ ಐದೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಬಾಡಿಗೆ ಮನೆಗಳಲ್ಲಿ ಎಷ್ಟೋ ಮನೆಗಳ ಕಿಟಕಿಗೆ ಒಂದೇ ಪದರದ ಗಾಜು, ಒಳಗೂ ಚಳಿ ಹೊಡೆಯುತ್ತದೆ. ಬಾಗಿಲು ಹಾಕಿಕೊಂಡು ಹೀಟರ್ ಮುಂದೆ ಕೂತರೆ ಮಕ್ಕಳಿಗೂ ಬೇಜಾರು, ನಿಮಗೆ ಇನ್ನೂ ಜಾಸ್ತಿ. ಇಲ್ಲಿ ಹೊಸದಾಗಿ ಬಂದ ಎಷ್ಟೋ ಅಮ್ಮಂದಿರು ಮೊದಲ ಚಳಿಗಾಲದಲ್ಲೇ ಕುಗ್ಗಿಹೋಗುವುದನ್ನು ಕಂಡಿದ್ದೇನೆ. ದಿನಕ್ಕೆ ಅರ್ಧ ಗಂಟೆಯಾದರೂ ಆಚೆ ಹೋಗಿ.

ಇಲ್ಲಿನ ಚೈಲ್ಡ್‌ಕೇರ್‌ಗಳಲ್ಲಿ ಸಣ್ಣ ಮಳೆಗೆಲ್ಲ ಮಕ್ಕಳನ್ನು ಒಳಗೆ ಕೂರಿಸುವುದಿಲ್ಲ. ಗಂಬೂಟು, ಮಳೆ ಜಾಕೆಟ್ ಹಾಕಿ ಕೆಸರಿಗೆ ಬಿಡುತ್ತಾರೆ. ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿ ಊರಲ್ಲಿ ಅಜ್ಜಿಗೆ ಗಾಬರಿಯಾಗುತ್ತದೆ. ಮೊದಲ ವರ್ಷ ಮಕ್ಕಳಿಗೆ ನೆಗಡಿ-ಕೆಮ್ಮು ಬಿಡುವುದೇ ಇಲ್ಲ, ಅದೂ ನಿಜ. ಆದರೆ ಅದು ಮಳೆಯಿಂದ ಬರುವುದಲ್ಲ, ಬೇರೆ ಮಕ್ಕಳಿಂದ ಅಂಟುವುದು. ಬಟ್ಟೆ ಪದರ ಪದರವಾಗಿ ಹಾಕಿ: ಒಳಗೆ ಹತ್ತಿಯದು, ಮೇಲೆ ಫ್ಲೀಸ್, ಅದರ ಮೇಲೆ ಮಳೆ ಜಾಕೆಟ್. ಇವನ್ನೆಲ್ಲ ಅಲ್ಲಿಂದ ಹೊತ್ತು ತರಬೇಡಿ, ಇಲ್ಲೇ ಕಡಿಮೆ ಬೆಲೆಗೆ ಸಿಗುತ್ತವೆ. ಕಾರಿನ ಡಿಕ್ಕಿಯಲ್ಲಿ ಇಬ್ಬರಿಗೂ ಒಂದೊಂದು ಜೊತೆ ಬಟ್ಟೆ, ಕಾಲುಚೀಲ, ಟೋಪಿ ಸದಾ ಇರಲಿ.

ಬೇಸಿಗೆಯಲ್ಲಿ ನೋಡಿಕೊಳ್ಳಬೇಕಾದದ್ದು ಬಿಸಿಲು. ಯುವಿ ಸೂಚ್ಯಂಕ, ಅಂದರೆ ಬಿಸಿಲಿನ ನೇರಳಾತೀತ ಕಿರಣಗಳ ತೀವ್ರತೆ, 3 ಮುಟ್ಟಿದರೆ ಟೋಪಿ, ಸನ್‌ಸ್ಕ್ರೀನ್ ಬೇಕು. ನಮ್ಮ ಮೈಬಣ್ಣಕ್ಕೆ ಏನೂ ಆಗಲ್ಲ ಅನ್ನುವ ಮಾತನ್ನು ನಂಬಬೇಡಿ. ಶಾಲೆಯಲ್ಲೂ ಟೋಪಿ ಇಲ್ಲದಿದ್ದರೆ ಬಯಲಲ್ಲಿ ಆಟಕ್ಕೆ ಬಿಡುವುದಿಲ್ಲ.

ಇನ್ನೊಂದು ವಿಷಯವನ್ನು ದಯವಿಟ್ಟು ಗಮನವಿಟ್ಟು ಓದಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇಲ್ಲಿ ಹುಲ್ಲು ಹೂಬಿಡುವ ಕಾಲ. ಗಾಳಿಯಲ್ಲಿ ರೈಗ್ರಾಸ್ ಹುಲ್ಲಿನ ಪರಾಗ ತುಂಬಿರುತ್ತದೆ. ಆಗ ಗುಡುಗು-ಮಳೆ ಬಂದರೆ ಆ ಪರಾಗ ಒಡೆದು ಇನ್ನೂ ಸಣ್ಣ ಕಣಗಳಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. 2016ರ ನವೆಂಬರ್ 21ರ ಸಂಜೆ ಹೀಗೇ ಆಯಿತು. ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದರು, ಹತ್ತು ಜನ ತೀರಿಕೊಂಡರು. ಎಷ್ಟೋ ಜನಕ್ಕೆ ಅದಕ್ಕೆ ಮೊದಲು ಉಬ್ಬಸ ಇರಲೇ ಇಲ್ಲ, ಬರೀ ಮೂಗು ಸೋರುವ ಅಲರ್ಜಿ ಇತ್ತು. ಅಂದು ತೊಂದರೆಗೆ ಸಿಕ್ಕವರಲ್ಲಿ ನಮ್ಮ ಭಾರತ ಉಪಖಂಡದ ಮೂಲದವರೇ ಇಲ್ಲಿನ ಜನಸಂಖ್ಯೆಯ ಪಾಲಿಗಿಂತ ಹೆಚ್ಚಾಗಿದ್ದರು. ಹೆದರಿಸಲು ಹೇಳುತ್ತಿಲ್ಲ. ಈಗ ಮುನ್ನೆಚ್ಚರಿಕೆ ವ್ಯವಸ್ಥೆ ಇದೆ, ವಿಕ್‌ಎಮರ್ಜೆನ್ಸಿ ಅನ್ನುವ ಸರ್ಕಾರಿ ಆಪ್‌ನಲ್ಲಿ ಎಚ್ಚರಿಕೆ ಬರುತ್ತದೆ. ಅಂಥ ದಿನ ಗುಡುಗು ಬರುವ ಮೊದಲೇ ಮಕ್ಕಳನ್ನು ಒಳಗೆ ಕರೆದು ಕಿಟಕಿ ಮುಚ್ಚಿ. ಯಾರಿಗಾದರೂ ವಸಂತದಲ್ಲಿ ಸೀನು, ಕಣ್ಣು ತುರಿಕೆ ಶುರುವಾದರೆ ಡಾಕ್ಟರನ್ನು ಕೇಳಿ ಮನೆಯಲ್ಲಿ ಪಫರ್ (ಉಬ್ಬಸದ ಇನ್‌ಹೇಲರ್) ಇಟ್ಟುಕೊಳ್ಳಿ.

ಇನ್ನು ನಾಯಿ. ಇದನ್ನು ಬರೆಯಲು ಸಂಕಟವಾಗುತ್ತದೆ. ಭಾರತದಿಂದ ಆಸ್ಟ್ರೇಲಿಯಾಕ್ಕೆ ನಾಯಿಯನ್ನು ನೇರವಾಗಿ ತರುವಂತಿಲ್ಲ. ಆಸ್ಟ್ರೇಲಿಯಾ ಒಪ್ಪಿರುವ ಬೇರೆ ಯಾವುದಾದರೂ ದೇಶದಲ್ಲಿ ತಿಂಗಳುಗಟ್ಟಲೆ ಇಟ್ಟು, ಪರೀಕ್ಷೆಗಳನ್ನೆಲ್ಲ ಮುಗಿಸಿ ಆಮೇಲೆ ತರಬೇಕು. ಇಲ್ಲಿ ಇಳಿದ ಮೇಲೂ ಮೆಲ್ಬರ್ನ್ ಹತ್ತಿರದ ಮಿಕಲ್‌ಹ್ಯಾಮ್‌ನ ಸರ್ಕಾರಿ ಕ್ವಾರಂಟೈನ್ ಕೇಂದ್ರದಲ್ಲಿ ಬಿಡಬೇಕು. ನಿಮ್ಮದು ಒಂಬತ್ತು ವರ್ಷದ ನಾಯಿ ಅಂದಿರಿ. ಅದು ಅಜ್ಜ-ಅಜ್ಜಿಯ ಮನೆಯಲ್ಲಿ, ತನಗೆ ಗೊತ್ತಿರುವ ಬೀದಿಯಲ್ಲೇ ಇರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮಗಳಿಗೆ ಈಗಲೇ ನಿಜ ಹೇಳಿ. "ಆಮೇಲೆ ಬರುತ್ತೆ" ಅಂತ ಮಾತ್ರ ಹೇಳಬೇಡಿ, ಮಕ್ಕಳು ಅದನ್ನೇ ಹಿಡಿದುಕೊಂಡು ಕಾಯುತ್ತಾರೆ.

ಸ್ವಲ್ಪ ನೆಲೆ ನಿಂತ ಮೇಲೆ ಇಲ್ಲಿ ಬೇಕಾದರೆ ಒಂದು ಪ್ರಾಣಿ ಸಾಕಬಹುದು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2020ರ ಮಾರ್ಚ್‌ನಿಂದ ಕಾನೂನು ಬದಲಾಗಿದೆ. ಸರಿಯಾದ ಕಾರಣವಿಲ್ಲದೆ ಮನೆ ಮಾಲೀಕರು ಸಾಕುಪ್ರಾಣಿ ಬೇಡ ಅನ್ನುವ ಹಾಗಿಲ್ಲ, ಆದರೆ ನೀವು ಬರವಣಿಗೆಯಲ್ಲಿ ಒಪ್ಪಿಗೆ ಕೇಳಬೇಕು. ನಾಯಿ-ಬೆಕ್ಕಿಗೆ ಮೈಕ್ರೋಚಿಪ್ ಇರಬೇಕು, ಪ್ರತಿವರ್ಷ ಏಪ್ರಿಲ್ 10ರೊಳಗೆ ಕೌನ್ಸಿಲ್‌ನಲ್ಲಿ, ಅಂದರೆ ಸ್ಥಳೀಯ ನಗರಸಭೆಯಲ್ಲಿ, ನೋಂದಣಿ ಮಾಡಿಸಬೇಕು. ನಮ್ಮ ಮನೆಯ ಕಾಳ ನಿರಾಶ್ರಿತ ನಾಯಿಗಳ ಕೇಂದ್ರದಿಂದ ಬಂದವನು. ಗುಡುಗು ಬಂದರೆ ವಾಷಿಂಗ್ ಮೆಷಿನ್ ಪಕ್ಕದ ಸಂದಿಗೆ ಸೇರಿಕೊಳ್ಳುತ್ತಾನೆ, ಚಿಕ್ಕ ಮಗಳು ಹೋಗಿ ಪಕ್ಕ ಕೂತು ಕಿವಿ ಸವರುತ್ತಾಳೆ. ಮಳೆಯಿರಲಿ ಚಳಿಯಿರಲಿ, ಬೆಳಗ್ಗೆ ಅವನನ್ನು ವಾಕಿಂಗ್ ಕರೆದೊಯ್ಯಲೇಬೇಕು. ಈ ಬೀದಿಯಲ್ಲಿ ನನಗೆ ಗೊತ್ತಿರುವ ಅರ್ಧ ಜನ ಪರಿಚಯವಾದದ್ದು ಅವನಿಂದಲೇ. ಬೇರೆಯವರ ನಾಯಿ ಕಂಡರೆ ಮುಟ್ಟುವ ಮುಂಚೆ ಕೇಳಬೇಕು ಅಂತ ನಿಮ್ಮ ಮಕ್ಕಳಿಗೆ ಹೇಳಿಕೊಡಿ. ಸೆಪ್ಟೆಂಬರ್‌ನಲ್ಲಿ ಮ್ಯಾಗ್‌ಪೈ ಹಕ್ಕಿಗಳು ಗೂಡು ಕಾಯುತ್ತಾ ತಲೆ ಮೇಲೆರಗುತ್ತವೆ. ಆ ಮರದ ದಾರಿ ಬಿಟ್ಟು ಸುತ್ತಿಕೊಂಡು ಹೋದರೆ ಆಯಿತು.

ತಿರುಗಾಟಕ್ಕೆ ಜಾಸ್ತಿ ದುಡ್ಡು ಬೇಕಿಲ್ಲ. ಮೆಲ್ಬರ್ನ್ ಝೂ, ವೆರಿಬಿ, ಹೀಲ್ಸ್‌ವಿಲ್ ಈ ಮೂರು ಮೃಗಾಲಯಗಳಲ್ಲೂ ಶನಿವಾರ, ಭಾನುವಾರ ಮತ್ತು ಶಾಲಾ ರಜೆಯಲ್ಲಿ ಮಕ್ಕಳಿಗೆ ಟಿಕೆಟ್ ಇಲ್ಲ. ಲೈಬ್ರರಿಗಳಲ್ಲಿ ವಾರವಾರ ಪುಟ್ಟ ಮಕ್ಕಳಿಗೆ ಕಥೆ, ಹಾಡು ಇರುತ್ತವೆ, ನಿಮ್ಮ ಮಗನಿಗೆ ಅದು ಸರಿಯಾದ ಜಾಗ. ಪಾರ್ಕುಗಳಲ್ಲಿ ಕರೆಂಟಿನ ಬಾರ್ಬೆಕ್ಯೂ ಪುಕ್ಕಟೆ. ಜೋಳದ ತೆನೆ, ಪನೀರ್ ಸುಟ್ಟುಕೊಂಡು ತಿನ್ನಬಹುದು. ನಮಗೆ ಇಷ್ಟವಾದ ಭಾನುವಾರ ಅಂದರೆ ಬೆಳಗ್ಗೆ ಕ್ಯಾರಮ್ ಡೌನ್ಸ್‌ನ ಶಿವ-ವಿಷ್ಣು ದೇವಸ್ಥಾನ, ಅಲ್ಲಿಂದ ಹತ್ತಿರದ ಫ್ರ್ಯಾಂಕ್‌ಸ್ಟನ್ ಬೀಚ್. ಜೀವರಕ್ಷಕರಿರುವ ಬೀಚಿನಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಇಬ್ಬರನ್ನೂ ಮೊದಲ ವರ್ಷವೇ ಈಜು ತರಗತಿಗೆ ಸೇರಿಸಿ. ಬೇರೆ ಏನು ಖರ್ಚು ಉಳಿಸಿದರೂ ಅದನ್ನು ಉಳಿಸಬೇಡಿ.

ಫಿಲಿಪ್ ಐಲೆಂಡ್‌ಗೆ ಖಂಡಿತ ಹೋಗಿ. ಕತ್ತಲಾಗುತ್ತಿದ್ದಂತೆ ಮೊಣಕಾಲುದ್ದವೂ ಇಲ್ಲದ ಪೆಂಗ್ವಿನ್‌ಗಳು ಗುಂಪು ಗುಂಪಾಗಿ ಅಲೆಯಿಂದೆದ್ದು ಬರುತ್ತವೆ. ಒಂದು ಹಿಂಜರಿದರೆ ಗುಂಪೇ ವಾಪಸ್ ನೀರಿಗೆ ಓಡುತ್ತದೆ, ಮತ್ತೆ ಧೈರ್ಯ ಮಾಡಿ ಬರುತ್ತದೆ. ಫೋಟೋ ತೆಗೆಯಲು ಬಿಡುವುದಿಲ್ಲ, ಅದೇ ಒಳ್ಳೆಯದು, ಎಲ್ಲರೂ ಕಣ್ಣಿಂದ ನೋಡುತ್ತಾರೆ. ಜನವರಿಯಾದರೂ ಕಂಬಳಿ ತೆಗೆದುಕೊಂಡು ಹೋಗಿ.

ಮಗಳ ಶಾಲೆ ಬಗ್ಗೆ ಚಿಂತೆ ಬೇಡ. ಮೂರನೇ ಟರ್ಮ್ ಜುಲೈ ಮಧ್ಯದಲ್ಲಿ ಶುರು, ಪ್ರೆಪ್‌ಗೆ, ಅಂದರೆ ಶಾಲೆಯ ಮೊದಲ ವರ್ಷಕ್ಕೆ, ಸೇರಿಸಬಹುದು. ಕಡಲೆಕಾಯಿ ಬೀಜ ತರಬೇಡಿ ಅನ್ನುವ ಶಾಲೆಗಳು ಬಹಳ. ಡಬ್ಬಿಗೆ ಚಿತ್ರಾನ್ನ ಹಾಕುವುದಾದರೆ ಬೀಜ ಬಿಟ್ಟು ಕಲಸಿ. ಮಗನಿಗೆ ಕೌನ್ಸಿಲ್‌ನ ಮಕ್ಕಳ ನರ್ಸ್ ಸೇವೆ ಉಚಿತ, ಮೂರೂವರೆ ವರ್ಷದವರೆಗೆ ನಿಗದಿತ ತಪಾಸಣೆಗಳಿವೆ. ಈ ಸೇವೆಯ ಸಹಾಯವಾಣಿ 13 22 29. ಮಕ್ಕಳಿಬ್ಬರ ಲಸಿಕೆ ಕಾರ್ಡ್ ಹ್ಯಾಂಡ್‌ಬ್ಯಾಗ್‌ನಲ್ಲೇ ಇರಲಿ. ಲಸಿಕೆಯ ದಾಖಲೆ ಇಲ್ಲದೆ ಚೈಲ್ಡ್‌ಕೇರ್‌ಗೆ ಸೇರಿಸಿಕೊಳ್ಳುವುದಿಲ್ಲ.

ಮನೆ ಎಲ್ಲಿ ಹುಡುಕಬೇಕು ಅಂತಲೂ ಕೇಳಿದ್ದೀರಿ. ಪಶ್ಚಿಮದ ಟಾರ್ನೀಟ್, ಪಾಯಿಂಟ್ ಕುಕ್ ಕಡೆ ನಮ್ಮವರು ಬಹಳ ಜನ, ಮಳೆ ಕಡಿಮೆ, ಗಾಳಿ ಜಾಸ್ತಿ, ಮರಗಳು ಇನ್ನೂ ಚಿಕ್ಕವು. ಪೂರ್ವಕ್ಕೆ ಹೋದಷ್ಟೂ ಮರ, ಮಳೆ, ಬಾಡಿಗೆ ಮೂರೂ ಏರುತ್ತವೆ. ನಿಮ್ಮ ಯಜಮಾನರ ಆಫೀಸ್ ಯಾವ ಕಡೆ ಅಂತ ತಿಳಿಸಿ, ಅದನ್ನು ನೋಡಿಕೊಂಡು ಇನ್ನೊಮ್ಮೆ ಬರೆಯುತ್ತೇನೆ.